ಗೆದ್ದ ವರ್ಷವೇ ಬೀಗ: ಬ್ರಿಟನ್ನಿನ ಸ್ಪೀಡ್‌ವೇ ಲೀಗುಗಳ ಹಣದ ಲೆಕ್ಕ

ಮೊದಲು ಮೂರು ಹೆಸರು, ಮೂರು ಇಸವಿ ಹೇಳುತ್ತೇನೆ. ಬ್ರಾಡ್‌ಫರ್ಡ್, 1997. ವರ್ಕಿಂಗ್ಟನ್, 2018. ಸ್ವಿಂಡನ್, 2019. ಮೂರೂ ಇಂಗ್ಲೆಂಡಿನ ಸ್ಪೀಡ್‌ವೇ ತಂಡಗಳು, ಅಂದರೆ ಮಣ್ಣಿನ ಟ್ರ್ಯಾಕಿನ ಮೇಲೆ ಬೈಕು ಓಡಿಸುವ ತಂಡಗಳು. ಆಯಾ ವರ್ಷ ಮೂರೂ ತಮ್ಮ ಲೀಗ್ ಗೆದ್ದವು. 1998ರ ಲೀಗಿನಲ್ಲಿ ಬ್ರಾಡ್‌ಫರ್ಡ್ ಇಲ್ಲ. 2019ರ ಲೀಗಿನಲ್ಲಿ ವರ್ಕಿಂಗ್ಟನ್ ಇಲ್ಲ. ಸ್ವಿಂಡನ್ನಿನದು ಸ್ವಲ್ಪ ಬೇರೆ. 2020ರಲ್ಲಿ ಕೋವಿಡ್‌ನಿಂದ ಇಡೀ ಸೀಸನ್ನೇ ರದ್ದಾಯಿತು. 2021ರಲ್ಲಿ ಬೇರೆ ತಂಡಗಳು ಮತ್ತೆ ಓಡತೊಡಗಿದಾಗ ಸ್ವಿಂಡನ್ ಬರಲಿಲ್ಲ.

ಸೋತು ಸೋತು ಒಂದು ತಂಡ ಮುಚ್ಚಿಹೋದರೆ ಅದನ್ನು ಅರ್ಥ ಮಾಡಿಕೊಳ್ಳಬಹುದು. ಗೆದ್ದ ತಂಡ ಯಾಕೆ ಮುಚ್ಚುತ್ತದೆ? ಇವತ್ತು ನಾನು ಮಾತಾಡುವುದೆಲ್ಲ ಈ ಒಂದು ಪ್ರಶ್ನೆಯ ಬಗ್ಗೆಯೇ.

ನಿಮ್ಮಲ್ಲಿ ಹಲವರು ಸ್ಪೀಡ್‌ವೇ ನೋಡಿಲ್ಲ ಅಂತ ಗೊತ್ತು. ಲೆಸ್ಟರ್, ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್ ಕಡೆ ಹತ್ತು ವರ್ಷದಿಂದ ಇರುವವರೂ ನೋಡಿರುವುದಿಲ್ಲ. ಹಾಗಾಗಿ ಎರಡು ನಿಮಿಷ ಆಟದ ಬಗ್ಗೆ. ಮೊಟ್ಟೆಯಾಕಾರದ ಮಣ್ಣಿನ ಟ್ರ್ಯಾಕ್. ನಾಲ್ಕು ಬೈಕು, ನಾಲ್ಕು ಸುತ್ತು, ಸುಮಾರು ಒಂದು ನಿಮಿಷದಲ್ಲಿ ಮುಗಿಯುತ್ತದೆ. ಬೈಕಿಗೆ 500 ಸಿಸಿ ಎಂಜಿನ್, ಒಂದೇ ಗೇರು, ಬ್ರೇಕೇ ಇಲ್ಲ. ತಿರುವಿನಲ್ಲಿ ಹಿಂದಿನ ಚಕ್ರವನ್ನು ಬೇಕಂತಲೇ ಜಾರಿಸಿಕೊಂಡು ತಿರುಗಬೇಕು. ಮೊದಲು ಬಂದವನಿಗೆ 3 ಪಾಯಿಂಟ್, ಆಮೇಲೆ 2, 1, ಕೊನೆಯವನಿಗೆ ಸೊನ್ನೆ. ಇಂಥ ಒಂದು ಓಟಕ್ಕೆ ಹೀಟ್ ಅನ್ನುತ್ತಾರೆ. ಒಂದು ತಂಡದಲ್ಲಿ ಏಳು ರೈಡರ್‌ಗಳು. ಪ್ರತಿ ಹೀಟ್‌ನಲ್ಲೂ ಎರಡೂ ತಂಡದಿಂದ ಇಬ್ಬಿಬ್ಬರು. ಒಂದು ಸಂಜೆಗೆ 15 ಹೀಟ್.

ನಾನು ಮೊದಲ ಸಲ ಹೋದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ವಾಸನೆ. ಈ ಬೈಕುಗಳು ಓಡುವುದು ಪೆಟ್ರೋಲಿನಿಂದ ಅಲ್ಲ, ಮೆಥನಾಲಿನಿಂದ. ಅದಕ್ಕೆ ಹಿಂದಿನಿಂದಲೂ ಬಳಸುತ್ತಾ ಬಂದಿರುವುದು ಹರಳೆಣ್ಣೆ ಆಧಾರದ ಎಂಜಿನ್ ಆಯಿಲ್. ಆ ಹೊಗೆ ಮೂಗಿಗೆ ಬಡಿದಾಗ ಚಿಕ್ಕಂದಿನಲ್ಲಿ ಅಜ್ಜಿ ತಲೆಗೆ ಹರಳೆಣ್ಣೆ ತಟ್ಟುತ್ತಿದ್ದ ಶನಿವಾರಗಳು ನೆನಪಾದವು. ಪಕ್ಕದಲ್ಲಿ ನಿಂತಿದ್ದ ವಯಸ್ಸಾದವರೊಬ್ಬರು ತಮ್ಮ ಅಪ್ಪನ ಜೊತೆ ಇದೇ ಜಾಗದಲ್ಲಿ ನಿಂತು ನೋಡುತ್ತಿದ್ದೆ ಅಂದರು. ಅವತ್ತಿನಿಂದ ಈ ಆಟ ನನ್ನನ್ನು ಬಿಟ್ಟಿಲ್ಲ. ಅದಕ್ಕೇ ಇದರ ಲೆಕ್ಕಪತ್ರದ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡಿದ್ದೇನೆ.

ಈಗ ಲೆಕ್ಕಕ್ಕೆ ಬರೋಣ. ಒಂದು ಹೀಟ್‌ನಲ್ಲಿ 3, 2, 1 ಸೇರಿ 6 ಪಾಯಿಂಟ್. 15 ಹೀಟ್‌ಗೆ 90. ಈ 90 ಅನ್ನೋ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ.

ಬ್ರಿಟನ್ನಿನಲ್ಲಿ ರೈಡರ್‌ಗೆ ತಿಂಗಳ ಸಂಬಳ ಇಲ್ಲ. ಅವನು ಸ್ವಂತ ದುಡಿಮೆಯವನು. ಬೈಕು ಅವನದೇ, ವ್ಯಾನು ಅವನದೇ, ಮೆಕ್ಯಾನಿಕ್‌ಗೆ ಕೊಡುವ ದುಡ್ಡೂ ಅವನದೇ. ಪ್ರೊಮೋಟರ್, ಅಂದರೆ ತಂಡ ನಡೆಸುವವನು, ಮುಖ್ಯವಾಗಿ ಅವನು ಗಳಿಸಿದ ಪಾಯಿಂಟಿನ ಲೆಕ್ಕದಲ್ಲಿ ದುಡ್ಡು ಕೊಡುತ್ತಾನೆ. ತನ್ನದೇ ತಂಡದವನ ಬೆನ್ನಿಗೆ ಬಂದು, ಎದುರಾಳಿಯನ್ನು ಹಿಂದೆ ಹಾಕಿದರೆ ಒಂದು ಬೋನಸ್ ಪಾಯಿಂಟ್. ಅದು ತಂಡದ ಸ್ಕೋರಿಗೆ ಸೇರುವುದಿಲ್ಲ, ಆದರೆ ಅದಕ್ಕೂ ದುಡ್ಡು ಕೊಡಬೇಕು. ಬಿದ್ದು ಕಾಲರ್‌ಬೋನ್ ಮುರಿದುಕೊಂಡರೆ ಆ ವಾರಗಳಿಗೆ ಪಾಯಿಂಟೂ ಇಲ್ಲ, ದುಡ್ಡೂ ಇಲ್ಲ.

ಒಂದು ಉದಾಹರಣೆ ಕಟ್ಟೋಣ. ಲೆಕ್ಕ ಸುಲಭವಾಗಲಿ ಅಂತ ಎಲ್ಲರಿಗೂ ಪಾಯಿಂಟಿಗೆ 100 ಪೌಂಡ್ ಅಂದುಕೊಳ್ಳಿ. ಮನೆಯಂಗಳದ ತಂಡ 48-42ರಲ್ಲಿ ಗೆದ್ದಿತು. ಅದಕ್ಕೆ 6 ಬೋನಸ್, ಎದುರಾಳಿಗೆ 4 ಬೋನಸ್. ಮನೆಯ ತಂಡದ ಪ್ರೊಮೋಟರ್ 54 ಪಾಯಿಂಟಿಗೆ 5,400 ಪೌಂಡ್ ಕೊಡುತ್ತಾನೆ. ಬಂದ ತಂಡದ ಪ್ರೊಮೋಟರ್ 46 ಪಾಯಿಂಟಿಗೆ 4,600 ಪೌಂಡ್ ಕೊಡುತ್ತಾನೆ. ಆದರೆ ಗೇಟಿನ ಹಣ, ಅಂದರೆ ಟಿಕೆಟ್ಟಿನ ದುಡ್ಡು, ಪೂರ್ತಿ ಮನೆಯ ತಂಡಕ್ಕೆ. ಬಂದವನಿಗೆ ಆ ಸಂಜೆ ಖರ್ಚು ಬಿಟ್ಟು ಬೇರೇನೂ ಇಲ್ಲ. ತನ್ನ ಅಂಗಳದಲ್ಲಿ ನಡೆಯುವ ಪಂದ್ಯದಲ್ಲಿ ಅದನ್ನು ಮುಂಚೆಯೇ ದುಡಿದಿಟ್ಟುಕೊಂಡಿರಬೇಕು. ಅಂದರೆ ಪ್ರತಿ ಮನೆಪಂದ್ಯವೂ ಎರಡು ಪಂದ್ಯದ ಖರ್ಚು ಹೊರಬೇಕು. ಜತೆಗೆ ಬಾಡಿಗೆ, ಟ್ರ್ಯಾಕಿನ ಮಣ್ಣಿನ ಕೆಲಸ, ವೈದ್ಯರು, ಆಂಬ್ಯುಲೆನ್ಸ್. ಆಂಬ್ಯುಲೆನ್ಸ್ ಇಲ್ಲದೆ ಒಂದು ಹೀಟ್ ಕೂಡ ಓಡಿಸುವಂತಿಲ್ಲ. ಇನ್ನು ಸಂಜೆ ಆರಕ್ಕೆ ಮಳೆ ಬಂದರೆ ಗೇಟೇ ಇಲ್ಲ.

ಇಲ್ಲಿ ಇನ್ನೊಂದು ವಿಷಯ ನೋಡಿ. ಚೆನ್ನಾಗಿ ಗೆದ್ದಷ್ಟೂ ಬಿಲ್ಲು ಜಾಸ್ತಿ. 60-30ರಲ್ಲಿ ಗೆದ್ದ ಪ್ರೊಮೋಟರ್ 60 ಪಾಯಿಂಟಿಗೆ ದುಡ್ಡು ಕೊಡಬೇಕು. ಏಕಪಕ್ಷೀಯ ಪಂದ್ಯ ನೋಡಲು ಮುಂದಿನ ವಾರ ಜನ ಕಮ್ಮಿ ಬರುತ್ತಾರೆ. ಗೆಲುವು ಖರ್ಚನ್ನು ಏರಿಸುತ್ತದೆ, ಆದಾಯವನ್ನು ಏರಿಸುತ್ತದೆ ಅನ್ನುವ ಖಾತ್ರಿ ಇಲ್ಲ. ಮೊದಲು ಹೇಳಿದ ಮೂರು ತಂಡಗಳ ಕತೆಗೆ ಇದು ಅರ್ಧ ಉತ್ತರ.

ಇದನ್ನು ತಡೆಯಲು ಅಲ್ಲಿ ಒಂದು ನಿಯಮ ಇದೆ, ಪಾಯಿಂಟ್ಸ್ ಲಿಮಿಟ್. ಪ್ರತಿ ರೈಡರ್‌ಗೂ ಒಂದು ಸರಾಸರಿ ಇರುತ್ತದೆ. ಗಳಿಸಿದ ಪಾಯಿಂಟನ್ನು ಓಡಿದ ಹೀಟ್‌ಗಳಿಂದ ಭಾಗಿಸಿ ನಾಲ್ಕರಿಂದ ಗುಣಿಸಿದರೆ ಬರುವ ಸಂಖ್ಯೆ. ಎಲ್ಲವನ್ನೂ ಗೆದ್ದರೆ 12. ತಂಡದ ಎಲ್ಲರ ಸರಾಸರಿ ಕೂಡಿದರೆ ಆ ವರ್ಷಕ್ಕೆ ಗೊತ್ತುಮಾಡಿದ ಮಿತಿಯನ್ನು ದಾಟುವಂತಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದನ್ನು ಕಾನೂನು ಮಾಡಿದ ಹಾಗೆ. ಉದ್ದೇಶ ಒಳ್ಳೆಯದೇ. ಒಂದೇ ತಂಡ ಎಲ್ಲ ಒಳ್ಳೆಯ ರೈಡರ್‌ಗಳನ್ನೂ ಕೊಂಡುಕೊಳ್ಳುವುದು ನಿಲ್ಲುತ್ತದೆ, ಪಂದ್ಯ ಸಮಬಲದ್ದಾಗುತ್ತದೆ.

ಆದರೆ ಇದು ಖರ್ಚನ್ನು ತಡೆಯುತ್ತದೆಯೇ? 90ನ್ನು ನೆನಪಿಸಿಕೊಳ್ಳಿ. ನೀವು ವಿಶ್ವ ಚಾಂಪಿಯನ್ನರನ್ನೇ ಓಡಿಸಿ, ಕಲಿಯುವ ಹುಡುಗರನ್ನೇ ಓಡಿಸಿ, ಒಂದು ಸಂಜೆಯಲ್ಲಿ ಹಂಚಿಹೋಗುವುದು ಅದೇ 90 ಪಾಯಿಂಟ್. ಖರ್ಚನ್ನು ತೀರ್ಮಾನಿಸುವುದು ಪಾಯಿಂಟಿನ ಸಂಖ್ಯೆ ಅಲ್ಲ, ಪಾಯಿಂಟಿನ ದರ. ಲಿಮಿಟ್ ಕೈಹಾಕುವುದು ಸರಾಸರಿಗೆ, ದರಕ್ಕೆ ಅಲ್ಲ. ಇನ್ನೂ ಕಷ್ಟ ಏನೆಂದರೆ, ಒಳ್ಳೆಯ ಸೀಸನ್ ಮುಗಿಸಿದ ತಂಡದಲ್ಲಿ ಎಲ್ಲರ ಸರಾಸರಿಯೂ ಏರಿರುತ್ತದೆ. ಚಳಿಗಾಲದಲ್ಲಿ ಕೂಡಿ ನೋಡಿದರೆ ಮಿತಿ ದಾಟಿರುತ್ತದೆ. ಇಬ್ಬರನ್ನೋ ಮೂವರನ್ನೋ ಬಿಡಲೇಬೇಕು. ಮಗು ಯಾರ ಹೆಸರಿನ ಟೀಶರ್ಟ್ ಹಾಕಿಕೊಂಡು ಬರುತ್ತಿತ್ತೋ ಅವನು ಮುಂದಿನ ಮಾರ್ಚ್‌ನಲ್ಲಿ ಎದುರಾಳಿ ತಂಡದಲ್ಲಿ. ಇದರ ಮೇಲೆ ಗೆಸ್ಟ್ ಪದ್ಧತಿ ಬೇರೆ. ಮುಖ್ಯ ರೈಡರ್‌ಗೆ ಪೆಟ್ಟಾದರೆ ಬೇರೆ ತಂಡದವನನ್ನು ಒಂದು ಸಂಜೆಗೆ ಕರೆಸಬಹುದು. ಮೊನ್ನೆ ನಮ್ಮ ವಿರುದ್ಧ ಓಡಿದವನು ಇವತ್ತು ನಮ್ಮ ಬಣ್ಣದಲ್ಲಿ. ಹೊಸದಾಗಿ ಬಂದವರಿಗೆ ಇದನ್ನು ವಿವರಿಸುವುದು ನನಗೆ ಪ್ರತಿ ಸಲವೂ ಕಷ್ಟವಾಗಿದೆ. ತಂಡ ಅಂದರೆ ಯಾರು ಅನ್ನುವುದೇ ತಿಳಿಯದಿದ್ದರೆ ಜನ ಯಾಕೆ ಬರಬೇಕು, ಅಲ್ವಾ?

ಈಗ ಇತಿಹಾಸ. 1928ರ ಫೆಬ್ರವರಿ 19ರಂದು ಲಂಡನ್ ಪಕ್ಕದ ಎಪ್ಪಿಂಗ್ ಕಾಡಿನ ಹೈ ಬೀಚ್‌ನಲ್ಲಿ ನಡೆದ ಓಟವನ್ನು ಬ್ರಿಟನ್ನಿನ ಸ್ಪೀಡ್‌ವೇಗೆ ಶುರು ಅಂತ ಲೆಕ್ಕ ಹಿಡಿಯುತ್ತಾರೆ. ಮರುವರ್ಷವೇ ಲೀಗ್ ಬಂತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸುಗ್ಗಿ. ವೆಂಬ್ಲಿ ಕ್ರೀಡಾಂಗಣಕ್ಕೂ ಒಂದು ತಂಡ ಇತ್ತು. 1946ರ ನ್ಯಾಷನಲ್ ಲೀಗಿನ ಆರು ತಂಡಗಳಲ್ಲಿ ನಾಲ್ಕು ಲಂಡನ್ನಿನವು: ವೆಂಬ್ಲಿ, ವಿಂಬಲ್ಡನ್, ನ್ಯೂ ಕ್ರಾಸ್, ವೆಸ್ಟ್ ಹ್ಯಾಮ್. ಐವತ್ತರ ದಶಕದಲ್ಲಿ ಮನರಂಜನಾ ತೆರಿಗೆಯ ಭಾರವೂ ಇತ್ತು, ಮನೆಮನೆಗೆ ಟಿವಿಯೂ ಬಂತು. 1956ರ ಸೀಸನ್ ಮುಗಿಸಿದ ವೆಂಬ್ಲಿ ತಂಡ ಮರುವರ್ಷ ಓಡಲಿಲ್ಲ.

ನನಗೆ ಅತಿ ಮುಖ್ಯ ಅನ್ನಿಸುವ ವರ್ಷ 1960. ಮೈಕ್ ಪಾರ್ಕರ್ ಮತ್ತು ಅವರ ಜೊತೆಗಾರರು ಪ್ರಾವಿನ್ಷಿಯಲ್ ಲೀಗ್ ಅಂತ ಒಂದನ್ನು ಶುರು ಮಾಡಿದರು. ಹತ್ತು ತಂಡ. ಪೂಲ್, ಶೆಫೀಲ್ಡ್, ಎಡಿನ್‌ಬರೋ, ಯಾರ್ಮತ್, ಹೀಗೆ. ದೊಡ್ಡ ಹೆಸರಿನವರನ್ನು ನೆಚ್ಚಿಕೊಳ್ಳದೆ, ಕಮ್ಮಿ ಖರ್ಚಿನಲ್ಲಿ, ಮುಚ್ಚಿದ್ದ ಟ್ರ್ಯಾಕುಗಳನ್ನು ಮತ್ತೆ ತೆರೆದು ಓಡಿಸಿದರು. ಜನ ಬಂದರು. ಅತ್ತ ದೊಡ್ಡವರ ನ್ಯಾಷನಲ್ ಲೀಗ್ ಕರಗುತ್ತಾ 1964ಕ್ಕೆ ಏಳು ತಂಡಕ್ಕೆ ಇಳಿದಿತ್ತು. ಸಂಖ್ಯೆ ತುಂಬಿಸಲು, 1963ರಲ್ಲಿ ಕೆಳಗಿನ ಲೀಗ್ ಗೆದ್ದಿದ್ದ ವುಲ್ವರ್‌ಹ್ಯಾಂಪ್ಟನ್ ಮೇಲಕ್ಕೆ ಬರಲೇಬೇಕು ಅಂತ ಆಟವನ್ನು ನಿಯಂತ್ರಿಸುವ ಕಂಟ್ರೋಲ್ ಬೋರ್ಡ್ ಹೇಳಿತು. ಅವರು ಒಪ್ಪಲಿಲ್ಲ. ಜೊತೆಯ ತಂಡಗಳು ಅವರ ಬೆನ್ನಿಗೆ ನಿಂತವು. 1964ರ ಇಡೀ ಸೀಸನ್ ಪ್ರಾವಿನ್ಷಿಯಲ್ ಲೀಗ್ ಲೈಸೆನ್ಸ್ ಇಲ್ಲದೆಯೇ ಓಡಿತು. ಕೊನೆಗೆ ಲಾರ್ಡ್ ಶಾಕ್ರಾಸ್ ನೇತೃತ್ವದಲ್ಲಿ ವಿಚಾರಣೆ ನಡೆಯಿತು. 1965ರಲ್ಲಿ ಎರಡೂ ಸೇರಿ 18 ತಂಡಗಳ ಒಂದೇ ಬ್ರಿಟಿಷ್ ಲೀಗ್ ಆಯಿತು.

18 ತಂಡ ಅಂದರೆ ಪ್ರತಿಯೊಬ್ಬರಿಗೂ ಅಂಗಳದಲ್ಲಿ 17 ಲೀಗ್ ಪಂದ್ಯ, 17 ಬೇರೆ ಬೇರೆ ಎದುರಾಳಿಗಳು. ಈಗಿನ ಪರಿಸ್ಥಿತಿಗೆ ಹೋಲಿಸಿ. 2023ರಲ್ಲಿ ಮೇಲಿನ ದರ್ಜೆಯ ಪ್ರೀಮಿಯರ್‌ಶಿಪ್‌ನಲ್ಲಿ ಏಳು ತಂಡ. ಒಂದೊಂದು ಸಲ ಕರೆದರೆ ಆರೇ ಮನೆಪಂದ್ಯ. ಎರಡೆರಡು ಸಲ ಕರೆದರೆ 12, ಅದೇ ಆರು ಮುಖಗಳು. ಸೀಸನ್ ಮಾರ್ಚ್ ಕೊನೆಯಿಂದ ಅಕ್ಟೋಬರ್‌ವರೆಗೆ. ವಾರಕ್ಕೊಂದು ಸಂಜೆ ಗೇಟ್ ತೆರೆಯಬೇಕಾದ ವ್ಯಾಪಾರ ಇದು. ಎದುರಾಳಿಗಳೇ ಇಲ್ಲದಿದ್ದರೆ ತೆರೆಯುವುದು ಹೇಗೆ?

1965ರ ನಂತರದ ಬದಲಾವಣೆಗಳನ್ನು ಬೇಗ ಹೇಳಿಬಿಡುತ್ತೇನೆ. 1968ರಲ್ಲಿ ಎರಡನೇ ಡಿವಿಷನ್ ಬಂತು. ಎಪ್ಪತ್ತರ ದಶಕದಲ್ಲಿ ಅದರ ಹೆಸರು ನ್ಯಾಷನಲ್ ಲೀಗ್ ಆಯಿತು. 1995ರಲ್ಲಿ ಮತ್ತೆ ಎಲ್ಲರನ್ನೂ ಒಂದೇ ಲೀಗಿಗೆ ಹಾಕಿದರು, 21 ತಂಡ. ಎರಡು ವರ್ಷ ನಡೆಯಿತು. 1997ರಲ್ಲಿ ಮತ್ತೆ ಒಡೆದರು. ಮೇಲೆ ಎಲೀಟ್ ಲೀಗ್, ಕೆಳಗೆ ಪ್ರೀಮಿಯರ್ ಲೀಗ್. ಆ ಮೊದಲ ಎಲೀಟ್ ಲೀಗ್ ಗೆದ್ದದ್ದೇ ಬ್ರಾಡ್‌ಫರ್ಡ್. 2017ರಲ್ಲಿ ಹೆಸರುಗಳು ಪ್ರೀಮಿಯರ್‌ಶಿಪ್, ಚಾಂಪಿಯನ್‌ಶಿಪ್ ಅಂತಾದವು. ಸೇರಿಸುವುದು, ಒಡೆಯುವುದು, ಹೆಸರು ಬದಲಿಸುವುದು.

1995ರ ಒಂದೇ ಲೀಗ್ ಯಾಕೆ ಉಳಿಯಲಿಲ್ಲ ಅಂತ ಕೇಳುತ್ತೀರಿ. ನನ್ನ ಅಭಿಪ್ರಾಯ ಹೀಗಿದೆ. ಹಣದ ಕೈಯಿದ್ದವರೂ ಇಲ್ಲದವರೂ ಒಂದೇ ಮನೆಗೆ ಬಂದರು, ಆದರೆ ಅಡುಗೆ ಖರ್ಚು ಹಂಚಿಕೊಳ್ಳುವ ಮಾತು ಆಗಲಿಲ್ಲ. ಗೇಟ್ ಹಣ ಹಂಚಲಿಲ್ಲ. ದರ ಅವರವರ ಇಷ್ಟ. ದೊಡ್ಡವರು ಸ್ಟಾರ್‌ಗಳನ್ನು ಬಿಡಲು ಒಪ್ಪಲಿಲ್ಲ, ಸಣ್ಣವರಿಗೆ ಅವರನ್ನು ಸಾಕಲು ಆಗಲಿಲ್ಲ. ಲೀಗನ್ನು ನಡೆಸುವ ಸಂಸ್ಥೆ ಪ್ರೊಮೋಟರ್‌ಗಳದ್ದೇ. ಪ್ರತಿ ಚಳಿಗಾಲ ಸಭೆ ಸೇರಿ ಅವರೇ ಮುಂದಿನ ವರ್ಷದ ನಿಯಮ ಬರೆಯುತ್ತಾರೆ. ಅವರಲ್ಲಿ ಬಹಳ ಜನ ತಮ್ಮ ಸ್ವಂತ ಉಳಿತಾಯವನ್ನು ಈ ಆಟಕ್ಕೆ ಸುರಿದವರು. ಅವರ ಬಗ್ಗೆ ನನಗೆ ಗೌರವ ಇದೆ. ಆದರೆ ಮುಂದಿನ ಮಾರ್ಚ್‌ನಲ್ಲಿ ಬಾಗಿಲು ತೆರೆಯಬಲ್ಲೆನೇ ಅನ್ನುವ ಚಿಂತೆಯಲ್ಲಿ ಇರುವವನಿಂದ ಹತ್ತು ವರ್ಷದ ನಿಯಮ ಬರೆಸಲು ಆಗುವುದಿಲ್ಲ.

ಟಿವಿ ಹಣದ ಬಗ್ಗೆ ಒಂದೆರಡು ಮಾತು. ಸ್ಕೈ ಸ್ಪೋರ್ಟ್ಸ್ ಬಹಳ ವರ್ಷ ಎಲೀಟ್ ಲೀಗನ್ನು ತೋರಿಸಿತು. 2017ರಿಂದ ಬಿಟಿ ಸ್ಪೋರ್ಟ್, ಆಮೇಲೆ ಯೂರೋಸ್ಪೋರ್ಟ್. ಆ ಹಣ ಬಂದಾಗ ಬೇಗನೆ ಪಾಯಿಂಟಿನ ದರದೊಳಗೆ ಕರಗಿತು, ನೆಲದೊಳಗೆ ಹೋಗಲಿಲ್ಲ ಅನ್ನುವುದು ನನ್ನ ಕೊರಗು.

ನೆಲ ಅಂದೆ. ಉಳಿದ ಅರ್ಧ ಉತ್ತರ ಅಲ್ಲೇ ಇದೆ. ಸ್ಪೀಡ್‌ವೇ ತಂಡಗಳು ಹೆಚ್ಚಾಗಿ ಬಾಡಿಗೆ ಮನೆಯಲ್ಲಿ ಇರುವವರು. ಮಾಲೀಕ ಸಾಮಾನ್ಯವಾಗಿ ನಾಯಿ ಓಟದ ಕಂಪನಿ ಅಥವಾ ಜಮೀನಿನ ವ್ಯಾಪಾರಿ. ಕ್ರೀಡಾಂಗಣದ ಬಾರು, ಕ್ಯಾಂಟೀನು, ಪಾರ್ಕಿಂಗ್ ಎಲ್ಲ ಮಾಲೀಕನದಾದರೆ ಬಾಡಿಗೆದಾರನಿಗೆ ಉಳಿಯುವುದು ಟಿಕೆಟ್ಟು ಮತ್ತು ಪ್ರೋಗ್ರಾಂ ಪುಸ್ತಕ ಮಾತ್ರ. ಸುತ್ತ ಊರು ಬೆಳೆದ ಹಾಗೆ ಆ ನೆಲದ ಬೆಲೆ ಬೆಳೆಯುತ್ತದೆ. ಒಂದು ದಿನ ನೋಟಿಸ್ ಬರುತ್ತದೆ.

ಒಂದೊಂದಾಗಿ ಕೇಳಿ. ನಾರಿಚ್‌ನ ಫರ್ಸ್ ಕ್ರೀಡಾಂಗಣ 1964ರಲ್ಲಿ ಮಾರಾಟವಾಗಿ ಮನೆಗಳಾಯಿತು. ಲೆಸ್ಟರಿನ ಬ್ಲ್ಯಾಕ್‌ಬರ್ಡ್ ರೋಡ್ 1983ರಲ್ಲಿ ಹೋಯಿತು. ಆ ಊರಿಗೆ ಸ್ಪೀಡ್‌ವೇ ವಾಪಸ್ ಬರಲು 28 ವರ್ಷ ಬೇಕಾಯಿತು, 2011ರಲ್ಲಿ ಬೋಮಾಂಟ್ ಪಾರ್ಕ್‌ನಲ್ಲಿ. ಲಂಡನ್ನಿನ ಹ್ಯಾಕ್ನಿ ವಿಕ್ ಕ್ರೀಡಾಂಗಣದ ಜಾಗದಲ್ಲಿ 2012ರ ಒಲಿಂಪಿಕ್ಸ್‌ನ ಮಾಧ್ಯಮ ಕೇಂದ್ರ ಎದ್ದಿತು. ವಿಂಬಲ್ಡನ್ 2005ರಲ್ಲಿ ಮುಗಿಯಿತು. 1946ರಲ್ಲಿ ನಾಲ್ಕು ದೊಡ್ಡ ತಂಡ ಇಟ್ಟುಕೊಂಡಿದ್ದ ನಗರದಲ್ಲಿ ಈಗ ಒಂದೂ ಇಲ್ಲ. ಕವೆಂಟ್ರಿಯ ತಂಡ 2016ರ ನಂತರ ಬ್ರ್ಯಾಂಡನ್ ಕ್ರೀಡಾಂಗಣ ಕಳೆದುಕೊಂಡಿತು. 2023ರ ಸೀಸನ್ ಕೊನೆಗೆ ಒಂದೇ ಏಟಿಗೆ ಎರಡು ಹೋದವು, ಪೀಟರ್‌ಬರೋ ಮತ್ತು ವುಲ್ವರ್‌ಹ್ಯಾಂಪ್ಟನ್. ವುಲ್ವರ್‌ಹ್ಯಾಂಪ್ಟನ್ನಿನ ಮಾನ್ಮೋರ್ ಗ್ರೀನ್‌ನಲ್ಲಿ 1928ರಲ್ಲೇ ಸ್ಪೀಡ್‌ವೇ ಓಡಿತ್ತು. ಸ್ವಿಂಡನ್ನಿನಲ್ಲಿ ಕ್ರೀಡಾಂಗಣವನ್ನು ಹೊಸದಾಗಿ ಕಟ್ಟುವ ಯೋಜನೆ ವರ್ಷಗಟ್ಟಲೆ ಎಳೆಯಿತು, ಪಕ್ಕದಲ್ಲಿ ಮನೆಗಳು ಎದ್ದವು. ಇವುಗಳಲ್ಲಿ ಎಷ್ಟನ್ನು ಲೀಗಿನ ನಕ್ಷೆ ಬದಲಿಸಿ ಉಳಿಸಬಹುದಿತ್ತು? ಒಂದನ್ನೂ ಅಲ್ಲ.

ಪೋಲೆಂಡ್ ಕಡೆ ನೋಡಿ ಅಂತ ಎಲ್ಲರೂ ಹೇಳುತ್ತಾರೆ. ನಿಜ, ಅಲ್ಲಿ ಸ್ಪೀಡ್‌ವೇ ದೊಡ್ಡ ಆಟ. ಅಲ್ಲಿನ ಮೇಲಿನ ದರ್ಜೆಯ ಲೀಗ್ ಎಕ್ಸ್‌ಟ್ರಾಲಿಗಾದ ಎಂಟು ತಂಡಗಳಿಗೆ ದೊಡ್ಡ ಪ್ರಾಯೋಜಕರು, ಟಿವಿ ಹಣ, ತುಂಬಿದ ಗ್ಯಾಲರಿ. ಕ್ರೀಡಾಂಗಣ ಸಾಮಾನ್ಯವಾಗಿ ನಗರಸಭೆಯದ್ದು, ನಗರಸಭೆ ನೇರವಾಗಿ ಹಣವನ್ನೂ ಕೊಡುತ್ತದೆ. ತಂಡದಲ್ಲಿ ಪೋಲೆಂಡಿನ ಕಿರಿಯ ರೈಡರ್‌ಗಳು ಇರಲೇಬೇಕು. ಮೂರು ಸಲ ವಿಶ್ವ ಚಾಂಪಿಯನ್ ಆದ ಬ್ರಿಟನ್ನಿನ ಟೈ ವುಫಿಂಡೆನ್ ಕೂಡ ಪೋಲೆಂಡ್ ಲೀಗಿನಲ್ಲೇ ಮುಖ್ಯವಾಗಿ ಓಡುತ್ತಾ ಹಲವು ವರ್ಷ ಬ್ರಿಟನ್ ಲೀಗಿನಿಂದ ದೂರ ಇದ್ದರು. 2023ರಲ್ಲಿ ಶೆಫೀಲ್ಡ್‌ಗೆ ಬಂದರು, ಆ ವರ್ಷ ಶೆಫೀಲ್ಡ್ ಗೆದ್ದಿತು. ಆದರೆ ಪೋಲೆಂಡಿನ ದರ ನೋಡಿ ಬ್ರಿಟನ್ ತನ್ನ ದರ ಏರಿಸಿದರೆ ಅದು ಉಳಿಯುವುದಿಲ್ಲ. ಅಲ್ಲಿಂದ ಕಲಿಯಬೇಕಾದದ್ದು ದರ ಅಲ್ಲ, ನೆಲ ಯಾರ ಹೆಸರಿನಲ್ಲಿದೆ ಅನ್ನುವುದು.

ಬ್ರಿಟನ್ನಿನಲ್ಲೇ ಒಂದು ಉದಾಹರಣೆ ಇದೆ. ಮ್ಯಾಂಚೆಸ್ಟರಿನ ಬೆಲ್ ವ್ಯೂ. ಅವರ ಹಳೆಯ ಹೈಡ್ ರೋಡ್ ಕ್ರೀಡಾಂಗಣ 1987ರಲ್ಲಿ ಮಾರಾಟವಾಯಿತು. ಪಕ್ಕದ ನಾಯಿ ಓಟದ ಅಂಗಳದಲ್ಲಿ ಬಾಡಿಗೆಗೆ ಹೋದರು. 2016ರಲ್ಲಿ ಗೋರ್ಟನ್‌ನಲ್ಲಿ ನಗರಸಭೆಯ ಬೆಂಬಲದಿಂದ ನ್ಯಾಷನಲ್ ಸ್ಪೀಡ್‌ವೇ ಸ್ಟೇಡಿಯಂ ತೆರೆಯಿತು. ಅಲ್ಲೂ ಎಲ್ಲ ಸಲೀಸಾಗಲಿಲ್ಲ. ಉದ್ಘಾಟನೆಯ ಸಂಜೆಯೇ ಟ್ರ್ಯಾಕ್ ಸರಿಯಿಲ್ಲದೆ ಓಟ ನಿಂತುಹೋಯಿತು, ಜನ ಬೇಸರದಿಂದ ಮನೆಗೆ ಹೋದರು. ವರ್ಷ ಮುಗಿಯುವಷ್ಟರಲ್ಲಿ ಆಗ ತಂಡ ನಡೆಸುತ್ತಿದ್ದವರು ಹಣದ ತೊಂದರೆಯಲ್ಲಿ ಹೊರಗೆ ಹೋಗಬೇಕಾಯಿತು. ಆದರೆ ನೆಲ ಉಳಿದಿತ್ತು. ಅದಕ್ಕೇ ಹೊಸಬರು ಬಂದು ಮುಂದುವರಿಸಲು ಆಯಿತು. 2021ರಲ್ಲಿ ಅದೇ ಟ್ರ್ಯಾಕಿನಲ್ಲಿ ಬ್ರಿಟನ್ ವಿಶ್ವ ತಂಡ ಪ್ರಶಸ್ತಿ ಗೆದ್ದಿತು, 1989ರ ನಂತರ ಮೊದಲ ಸಲ. 2022ರಲ್ಲಿ ಬೆಲ್ ವ್ಯೂ ಲೀಗ್ ಗೆದ್ದಿತು. ಗೆದ್ದ ಮರುವರ್ಷವೂ ಓಡಿತು.

ಹಾಗಾದರೆ ಏನು ಮಾಡಬೇಕು? ನನ್ನ ಕೈಗೆ ಕೊಟ್ಟರೆ ನಾನು ಮಾಡುವುದು ಇದು. ಎರಡು ದರ್ಜೆಗಳನ್ನು ಸೇರಿಸಿ ಮತ್ತೆ ಒಂದೇ ಲೀಗ್ ಮಾಡುತ್ತೇನೆ, ಆದರೆ 1995ರ ಹಾಗಲ್ಲ. ಪಾಯಿಂಟಿನ ದರ ಮೂರೋ ನಾಲ್ಕೋ ಹಂತಗಳಲ್ಲಿ ಎಲ್ಲರಿಗೂ ಕಾಣುವ ಹಾಗೆ ಬರೆದಿರಬೇಕು. ಪ್ರತಿ ಗೇಟಿನಿಂದ ಒಂದು ಪಾಲು ಎಲ್ಲರ ಹುಂಡಿಗೆ ಹೋಗಬೇಕು. ಮಳೆಗೆ ಹೋದ ಸಂಜೆಗಳಿಗೂ, ಪೆಟ್ಟಾಗಿ ಮನೆಯಲ್ಲಿ ಕೂತ ರೈಡರ್‌ಗಳಿಗೂ ಅದರಿಂದ ಕೊಡಬೇಕು. ತನ್ನಲ್ಲೇ ಬೆಳೆದ ರೈಡರ್‌ನ ಸರಾಸರಿ ಏರಿದರೂ ಆ ತಂಡ ಅವನನ್ನು ಬಿಡಬೇಕಾಗಬಾರದು. ಟಿವಿ ಹಣ ಎಷ್ಟೇ ಕಮ್ಮಿಯಿರಲಿ, ಅದರ ಒಂದು ಭಾಗ ಜಾಗದ ದೀರ್ಘ ಗುತ್ತಿಗೆಗೆ ಮಾತ್ರ ಮೀಸಲು.

ಇದಕ್ಕೆ ಬೆಲೆ ತೆರಬೇಕು. ಪ್ರಪಂಚದ ಮೊದಲ ಹತ್ತು ರೈಡರ್‌ಗಳಲ್ಲಿ ಬಹುಶಃ ಒಬ್ಬರೂ ಬರುವುದಿಲ್ಲ. ಅವರ ಓಟ ನನಗೂ ಬಹಳ ಇಷ್ಟ. ಆದರೂ ಬಿಟ್ಟುಕೊಡಲು ನಾನು ತಯಾರು. 1960ರಲ್ಲಿ ಜನ ಹೆಸರು ನೋಡಿ ಬರಲಿಲ್ಲ. ಸಮಬಲದ ನಾಲ್ವರು ಮೊದಲ ತಿರುವಿಗೆ ಒಟ್ಟಿಗೆ ನುಗ್ಗುವುದನ್ನು ನೋಡಲು ಬಂದರು. ಅದು ಈಗಲೂ ಬೇಲಿ ಪಕ್ಕ ನಿಂತವರ ಉಸಿರು ಹಿಡಿಸುತ್ತದೆ.

ಇನ್ನೊಂದು ಊರಿನ ಕತೆ ಬಾಕಿ ಇದೆ. ಆಕ್ಸ್‌ಫರ್ಡ್. ಅಲ್ಲಿನ ಕೌಲಿ ಕ್ರೀಡಾಂಗಣದಲ್ಲಿ 2007ರ ನಂತರ ಸ್ಪೀಡ್‌ವೇ ನಿಂತಿತು. 2012ರಲ್ಲಿ ನಾಯಿ ಓಟವೂ ನಿಂತಿತು. ಅಲ್ಲಿ ಮನೆ ಕಟ್ಟುವ ಯೋಜನೆ ಬಂತು. ಊರಿನವರು ಸುಮ್ನೆ ಕೂರಲಿಲ್ಲ. ನಗರಸಭೆ ಆ ಜಾಗವನ್ನು ಸಂರಕ್ಷಿತ ಪ್ರದೇಶ ಅಂತ ಘೋಷಿಸಿತು, ಯೋಜನೆಗೆ ಅನುಮತಿ ಸಿಗಲಿಲ್ಲ. ವರ್ಷಗಟ್ಟಲೆ ಖಾಲಿ ಬಿದ್ದಿದ್ದ ಅಂಗಳದಲ್ಲಿ 2022ರಲ್ಲಿ ಮತ್ತೆ ಬೈಕು ಓಡಿದವು. 2024ರಲ್ಲಿ ಆಕ್ಸ್‌ಫರ್ಡ್ ಪ್ರೀಮಿಯರ್‌ಶಿಪ್‌ಗೆ ಬಂತು.

ಇಂಗ್ಲೆಂಡಿನಲ್ಲಿ 2011ರ ಲೋಕಲಿಸಂ ಕಾಯ್ದೆ ಅಂತ ಒಂದಿದೆ. ಊರಿನ ಒಂದು ಜಾಗವನ್ನು ಸಮುದಾಯಕ್ಕೆ ಬೆಲೆಯುಳ್ಳ ಆಸ್ತಿ ಅಂತ ಪಟ್ಟಿಗೆ ಸೇರಿಸಿ ಎಂದು ಊರಿನವರು ಗುಂಪಾಗಿ ನಗರಸಭೆಯನ್ನು ಕೇಳಬಹುದು. ಪಟ್ಟಿಗೆ ಸೇರಿದರೆ, ಮಾಲೀಕ ಮಾರಲು ಹೊರಟಾಗ ಹಣ ಹೊಂದಿಸಲು ಸಮುದಾಯಕ್ಕೆ ಆರು ತಿಂಗಳವರೆಗೆ ಕಾಲಾವಕಾಶ ಸಿಗಬಹುದು. ಕಟ್ಟಡದ ಅರ್ಜಿ ಬಂದಾಗ ಯಾರು ಬೇಕಾದರೂ ನಗರಸಭೆಗೆ ಅಭಿಪ್ರಾಯ ಬರೆದು ಕಳಿಸಬಹುದು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಅಲ್ಲಿ ವಾಸವಾಗಿರುವ ನಿಮ್ಮಂಥವರಿಗೂ ಕಾಮನ್‌ವೆಲ್ತ್ ಪ್ರಜೆ ಅನ್ನುವ ಕಾರಣಕ್ಕೆ ನಗರಸಭೆ ಚುನಾವಣೆಯಲ್ಲಿ ಮತ ಇದೆ. ನಿಮ್ಮ ಮನೆಯ ಹತ್ತಿರ ಟ್ರ್ಯಾಕ್ ಇದ್ದರೆ ಒಂದು ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಿ. ಮೊದಲ ತಿರುವಿನ ಹತ್ತಿರ ನಿಲ್ಲಿ, ಹರಳೆಣ್ಣೆಯ ಹೊಗೆ ಅಲ್ಲೇ ಚೆನ್ನಾಗಿ ಬರುತ್ತದೆ. ಮಣ್ಣು ಹಾರುತ್ತದೆ, ಹಳೆಯ ಜಾಕೆಟ್ ಹಾಕಿಕೊಳ್ಳಿ. ಮನೆಗೆ ಹೊರಡುವ ಮುಂಚೆ ಗೇಟಿನಲ್ಲಿ ಟಿಕೆಟ್ ಕೊಡುವವರನ್ನು ಒಂದು ಮಾತು ಕೇಳಿ: ಈ ಜಾಗದ ಗುತ್ತಿಗೆ ಇನ್ನೆಷ್ಟು ವರ್ಷ ಇದೆ?